ಮೊಂಗೋದ ಜನಕ್ಕೆ ನಾಯಕ ಯಾರು?

ಅಲೆಕ್ಸ್ ರೇಮಂಡ್ 1934ರಲ್ಲಿ ಶುರುಮಾಡಿದ ಫ್ಲಾಶ್ ಗಾರ್ಡನ್ ಚಿತ್ರಕತೆ 1936ರಲ್ಲಿ ಕಾದಂಬರಿಯೂ ಆಯಿತು. ಕತೆಯ ಓಟ ಚೆನ್ನಾಗೈತೆ, ಇಲ್ಲ ಅನ್ನಲ್ಲ. ಆದರೆ ಮೊಂಗೋ ಗ್ರಹದ ಮೂಲನಿವಾಸಿಗಳು ಯಾರು? ಸಿಂಹಮಾನವರು, ಗಿಡುಗಮಾನವರು! ದಬ್ಬಾಳಿಕೆಯ ದೊರೆ ಮಿಂಗ್‌ಗೆ ಚೀನೀ ಹೆಸರು, ಚೀನೀ ಮೀಸೆ. ಇವರ ಸಿಟ್ಟಿಗೆ ನಾಯಕನಾಗೋಕೆ ಮಾತ್ರ ಭೂಮಿಯಿಂದ ಹೊಂಗೂದಲಿನ ಬಿಳಿಯ ಪೋಲೋ ಆಟಗಾರನೇ ಇಳೀಬೇಕು.

ಈ ಕತೇನ ನಮ್ಮ ಹ್ಯಾಂಡ್‌ಪೋಸ್ಟ್ ಸುತ್ತಿನ ಹಾಡಿಗಳಲ್ಲಿ ಹೇಳಿ ನೋಡ್ರಪ್ಪಾ. ನಾಗರಹೊಳೆ ಕಾಡಿನಿಂದ ಜೇನುಕುರುಬರನ್ನು ಒಕ್ಕಲೆಬ್ಬಿಸಿದಾಗ ಯಾವ ರಾಕೆಟ್ಟೂ ಇಳೀಲಿಲ್ಲ. ಅದೇ ಕಾಡಿನೊಳಗೆ ತಾಜ್ ಗುಂಪಿನ ಹೋಟೆಲು ಏಳತೊಡಗಿದಾಗ ಬೀದಿಗಿಳಿದೋರು, ಕೋರ್ಟಿಗೆ ಹೋದೋರು ಆದಿವಾಸಿಗಳೇ. 1997ರಲ್ಲಿ ಹೈಕೋರ್ಟು ಅದನ್ನು ನಿಲ್ಲಿಸಿತು. ಆ ಸಾಹಸದಲ್ಲಿ ಪೋಲೋ ಆಟಗಾರ ಇರಲಿಲ್ಲ.