ದೇವರಿಲ್ಲದ ನೆಲದ ಹಕ್ಕು

ಒಡಿಶಾದ ನಿಯಮಗಿರಿಯ ಬಗ್ಗೆ ಬರೆಯುವವರು ಬಹುಪಾಲು ಒಂದೇ ಕಥೆ ಹೇಳುತ್ತಾರೆ. ಗುಡ್ಡವನ್ನು ನಿಯಮರಾಜನೆಂದು ಪೂಜಿಸುವ ಮುಗ್ಧ ಡೋಂಗ್ರಿಯಾ ಕೊಂಧರು; ಅದರ ಬಾಕ್ಸೈಟ್ ಅಗೆಯಲು ಹೊರಟ, ಆಗ ಲಂಡನ್ ಷೇರುಪೇಟೆಯಲ್ಲಿದ್ದ ವೇದಾಂತ ಕಂಪನಿ; ಕೊನೆಗೆ ದೇವರಿಗೇ ಗೆಲುವು. 2010ರಲ್ಲಿ 'ಅವತಾರ್' ಸಿನಿಮಾದ ಹೋಲಿಕೆಯೂ ಇದಕ್ಕೆ ಅಂಟಿಕೊಂಡಿತು. ಕಂಪನಿಯ ಹೆಸರನ್ನೇ ನೋಡಿ. ಜಗತ್ತು ಮಾಯೆ ಅನ್ನೋ ವೇದಾಂತಕ್ಕೂ ಬಾಕ್ಸೈಟ್ ಮಾತ್ರ ಸತ್ಯ!

ಕಥೆ ಸುಳ್ಳಲ್ಲ. ಆದರೆ ಇದು ಯಾರನ್ನು ಹೊರಗಿಟ್ಟು ಕಟ್ಟಿದ ಕಥೆ ಅಂತ ದಲಿತ ವಿಮರ್ಶೆ ಕೇಳಲೇಬೇಕು.

2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟು ಕೊಂಧರ ಪೂಜೆಯ ಹಕ್ಕನ್ನು ಎತ್ತಿಹಿಡಿಯಿತು, ನಿಜ. ಅದರ ಜೊತೆಗೇ ಅರಣ್ಯ ಹಕ್ಕು ಕಾಯ್ದೆಯಡಿ ಗ್ರಾಮಸಭೆಗಳನ್ನು ಕೇಳಿ ಅಂತಲೂ ಹೇಳಿತು. ಆ ವರ್ಷ ಸೇರಿದ 12 ಸಭೆಗಳೂ ಗಣಿ ಬೇಡ ಅಂದವು. ಅಲ್ಲಿ ದೇವರ ಮಾತಿನ ಜೊತೆ ಹಳ್ಳ, ಹೊಲ, ಹಣ್ಣಿನ ಮಾತೂ ಬಂತು. ನಮ್ಮ ಬರಹಗಾರರು ದೇವರನ್ನು ಹಿಡಿದುಕೊಂಡು ಹೊಲವನ್ನು ಕೈಬಿಟ್ಟರು.

ಡೋಂಗ್ರಿಯಾ ಊರುಗಳಲ್ಲೇ ಡೋಮ್ ಜಾತಿಯ ದಲಿತರೂ ಇದ್ದಾರೆ. ಗುಡ್ಡದ ಫಸಲನ್ನು ಸಂತೆಗೆ ಹೊತ್ತವರು ಅವರು. ಬರಹಗಳಲ್ಲಿ ಅವರಿಗೆ ಸಿಕ್ಕಿರೋದು ಹೆಚ್ಚಾಗಿ ದಲ್ಲಾಳಿ, ಮೋಸಗಾರ ಅನ್ನೋ ಪಾತ್ರ. ಆದಿವಾಸಿಯನ್ನು ಮುಗ್ಧ ಮಾಡಲು ದಲಿತನನ್ನು ಕಳ್ಳ ಮಾಡಬೇಕೇ? ಕಾಯ್ದೆಯೂ ಇಬ್ಬರನ್ನು ಬೇರೆ ಮಾಡಿದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿ ಅದನ್ನೇ ನಂಬಿ ಬದುಕಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ತೋರಿಸಬೇಕು. 1930ರಿಂದ ಇದ್ದೇವೆ ಅನ್ನೋ ಪುರಾವೆ ಯಾವ ದಲಿತನ ಗುಡಿಸಲಲ್ಲಿದೆ? ಓದುಬರಹವನ್ನೇ ಕೊಡದ ಸಮಾಜ ಈಗ ಪುರಾವೆ ಕೇಳುತ್ತಿದೆ.

ಗುಡ್ಡದ ಬುಡದ ಲಾಂಜಿಗಢಕ್ಕೆ ಬನ್ನಿ. ಅಲ್ಯುಮಿನಾ ಕಾರ್ಖಾನೆಗಾಗಿ ಕಿನಾರಿ ಎಂಬ ಊರನ್ನೇ ಎಬ್ಬಿಸಿದರು. ಗುಡ್ಡ ಉಳಿದ ಮೇಲೂ ಆ ಕಾರ್ಖಾನೆ ಬೇರೆ ಕಡೆಯ ಬಾಕ್ಸೈಟ್ ತರಿಸಿಕೊಂಡು ನಡೆದಿದೆ. ಊರು ಕಳಕೊಂಡವರ ನೆಲಕ್ಕೆ ಜಗತ್ತು ಗುರುತಿಸುವಂಥ ದೇವರಿರಲಿಲ್ಲ. ಅವರ ಮೇಲೆ ಸಿನಿಮಾದ ಬೆಳಕೂ ಬೀಳಲಿಲ್ಲ.

ಕೊಂಧರ ನಂಬಿಕೆಯನ್ನು ಹೀಗಳೆಯುವ ಮಾತಲ್ಲ ಇದು. ಹಕ್ಕಿಗೆ ದೇವರ ಶಿಫಾರಸು ಬೇಕು ಅಂತಾದರೆ, ದೇವಸ್ಥಾನದ ಹೊರಗೇ ನಿಂತವರ ಗತಿ ಏನು ಅನ್ನೋ ಪ್ರಶ್ನೆ. ಉಳುವವರಿಗೂ ಹೊರುವವರಿಗೂ 'ಬೇಡ' ಅನ್ನುವ ಅಧಿಕಾರ ಇರಬೇಕು. ನಿಯಮಗಿರಿಯಿಂದ ನಾವು ಕಲಿಯಬೇಕಾದದ್ದು ಆ ಗ್ರಾಮಸಭೆಯನ್ನು.