ಗಬ್ಬ ನಿಲ್ಲದ್ದಕ್ಕೆ ಟವರ್ ಹೊಣೆಯೇ?

ಮೂರು ಸಲ ಕೃತಕ ಗರ್ಭಧಾರಣೆ ಮಾಡಿಸಿದರೂ ಹಸು ಗಬ್ಬ ಕಟ್ಟದಿದ್ದಾಗ ಊರಾಚೆಯ ಮೊಬೈಲ್ ಟವರಿನತ್ತ ಬೆರಳು ತೋರಿಸುವುದು ಸುಲಭ. ಹಾಗೆ ತೋರಿಸುವವರ ಕೈಯಲ್ಲಿ ಈಗ ಸಂಶೋಧನಾ ಪ್ರಬಂಧಗಳೂ ಇವೆ. ಅವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅವು ಅಳೆದದ್ದೇನು, ನಾವು ಅರ್ಥಮಾಡಿಕೊಂಡದ್ದೇನು ಎಂಬುದನ್ನು ಬೇರೆ ಬೇರೆಯಾಗಿ ನೋಡಬೇಕು.

ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಅಶೋಕ್ ಅಗರ್ವಾಲ್ ತಂಡ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಿ. 32 ಗಂಡಸರ ವೀರ್ಯವನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಕರೆಯಲ್ಲಿದ್ದ ಮೊಬೈಲಿನಿಂದ 2.5 ಸೆಂಟಿಮೀಟರ್ ದೂರದಲ್ಲಿ ಒಂದು ಗಂಟೆ ಇಟ್ಟರು. ವೀರ್ಯಾಣುಗಳ ಚಲನೆ ಕುಗ್ಗಿತು, ಜೀವಂತ ಉಳಿದವು ಕಡಿಮೆಯಾದವು. ಡಿಎನ್‌ಎಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ಲೊವಾಕಿಯಾದ ಸಂಶೋಧಕರು ಹೋರಿಯ ವೀರ್ಯವನ್ನು 1800 ಮೆಗಾಹರ್ಟ್ಸ್ ತರಂಗಕ್ಕೆ ಒಡ್ಡಿದಾಗಲೂ ಚಲನೆ ತಗ್ಗಿತು.

ಇದು ನಂಬಲಾಗದ ಸಂಗತಿಯಲ್ಲ. ವೀರ್ಯಾಣುವಿನ ಹೊರಪೊರೆಯ ಕೊಬ್ಬು ಬೇಗ ಆಕ್ಸಿಡೀಕರಣಕ್ಕೆ ತುತ್ತಾಗುತ್ತದೆ. ಆ ಹಾನಿಯನ್ನು ತಡೆಯುವ ಕಿಣ್ವಗಳು ಅದರಲ್ಲಿ ಕಡಿಮೆ. ಆದರೆ ಪ್ರಯೋಗದ ನಳಿಕೆಗೆ ಚರ್ಮವಿಲ್ಲ, ಹರಿಯುವ ರಕ್ತವಿಲ್ಲ. ಹೋರಿಯ ವೃಷಣವೋ, ಮೈಬಿಸಿಗಿಂತ ಕೆಲವು ಡಿಗ್ರಿ ತಂಪಾಗಿಯೇ ಇರುವಂತೆ ರೂಪುಗೊಂಡದ್ದು. ಫೋನಿನ ಬಿಸಿ ಯಾವುದು, ತರಂಗದ ಪರಿಣಾಮ ಯಾವುದು ಎಂದು ಬಿಡಿಸಿ ತೋರಿಸದ ಪ್ರಯೋಗ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಇನ್ನು ಒಂದಂಗುಲದಾಚೆಯ ಫೋನಿನ ಫಲಿತಾಂಶವನ್ನು ನೂರಾರು ಅಡಿ ಆಚೆಯ ಟವರಿನ ತಲೆಗೆ ಕಟ್ಟಲಂತೂ ಬರುವುದಿಲ್ಲ. ದೂರ ಇಮ್ಮಡಿಯಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ಕೊರತೆ, ಚಲನೆ ತಗ್ಗಿದ್ದನ್ನೇ ಗೊಡ್ಡುತನವೆಂದು ಎಣಿಸುವುದು. ಕೃತಕ ಗರ್ಭಧಾರಣೆಗೆಂದು ವೀರ್ಯ ತುಂಬಿಡುವ ಕೊಳವೆ, ಅಂದರೆ 0.25 ಮಿಲಿಲೀಟರಿನ ಒಂದು ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣುಗಳಿರುತ್ತವೆ. ದ್ರವ ಸಾರಜನಕದ ಮೈನಸ್ 196 ಡಿಗ್ರಿಯಿಂದ ಹೊರತೆಗೆದು ಕರಗಿಸಿದಾಗ ಅರ್ಧದಷ್ಟು ಚಲಿಸಿದರೂ ಆ ಸ್ಟ್ರಾ ಪಾಸು. ಅಷ್ಟು ನಷ್ಟವನ್ನು ಮೊದಲೇ ಲೆಕ್ಕ ಹಿಡಿದು ತುಂಬಿದ ಡೋಸ್ ಅದು.

ಹಾಗೆಂದು ಕಡತ ಮುಚ್ಚುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗಾಗಿ ನಡೆದ, 2024ರಲ್ಲಿ ಪ್ರಕಟವಾದ ಸಮಗ್ರ ವಿಮರ್ಶೆ ಪ್ರಾಣಿಗಳ ಮೇಲಿನ 117 ಪ್ರಬಂಧಗಳನ್ನು ಜಾಲಾಡಿ, ಗಂಡನ್ನು ತರಂಗಕ್ಕೆ ಒಡ್ಡಿದಾಗ ಗರ್ಭ ನಿಲ್ಲುವ ಪ್ರಮಾಣ ತಗ್ಗಿದ್ದನ್ನು ಗುರುತಿಸಿತು. ಆದರೆ ಅವುಗಳಲ್ಲಿ ಬಹುಪಾಲು ಇಲಿಗಳ ಮೇಲಿನವು. ಕೊಟ್ಟಿಗೆಯ ಪ್ರಶ್ನೆಗೆ ನೇರ ಉತ್ತರವಲ್ಲ.

ಆ ಉತ್ತರ ಹುಡುಕಲು ಹೈನುಗಾರಿಕೆಯಷ್ಟು ಅನುಕೂಲ ಬೇರೆಲ್ಲೂ ಇಲ್ಲ. ಹೆಸರಘಟ್ಟದಂಥ ವೀರ್ಯ ಕೇಂದ್ರದಲ್ಲಿ ಹೋರಿಯಿಂದ ಒಮ್ಮೆ ಪಡೆದ ವೀರ್ಯ ನೂರಾರು ಸ್ಟ್ರಾಗಳಾಗುತ್ತದೆ. ಅದರಲ್ಲಿ ಅರ್ಧವನ್ನು ತರಂಗಕ್ಕೆ ಒಡ್ಡಿ, ಅರ್ಧವನ್ನು ಬಿಟ್ಟು, ಯಾವುದು ಯಾವುದೆಂದು ಹಾಕುವವರಿಗೂ ತಿಳಿಸದೆ ಹಳ್ಳಿಗಳಿಗೆ ಕಳಿಸಿದರೆ ಗಬ್ಬದ ಲೆಕ್ಕವೇ ತೀರ್ಪು ಕೊಡುತ್ತದೆ. ಮನುಷ್ಯರ ಮೇಲೆ ಮಾಡಲಾಗದ ಈ ಪರೀಕ್ಷೆಯನ್ನು ಬಿಟ್ಟು ಮತ್ತೊಂದು ನಳಿಕೆಯ ಪ್ರಬಂಧ ಬರೆದರೆ ರೈತನಿಗೆ ಬಂದ ಲಾಭವೇನು?

ಅಲ್ಲಿಯವರೆಗೆ ಹಸು ತಿರುಗಿ ಬೆದೆಗೆ ಬಂದರೆ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ: ಬೆಳಿಗ್ಗೆ ಬೆದೆಗೆ ಬಂದದ್ದಕ್ಕೆ ಸಂಜೆಯೊಳಗೆ ಹಾಕಿಸಿದಿರಾ? ಕಂಟೇನರಿನಲ್ಲಿ ಸಾರಜನಕ ಸಾಕಷ್ಟಿತ್ತೇ? ಸ್ಟ್ರಾವನ್ನು ಸರಿಯಾದ ಬಿಸಿಯ ನೀರಿನಲ್ಲಿ ಕರಗಿಸಿದರೇ? ಟವರಿನ ಸರದಿ ಇವೆಲ್ಲದರ ನಂತರ.