ಮೈಲ್ಡ್ ಬಿಯರಿನ ರುಚಿ ಹಿಡಿಯುವುದು

ಹುಬ್ಬಳ್ಳಿಯ ಬಾರಿನಲ್ಲಿ ಕೂತು ‘ಮೈಲ್ಡ್ ಕೊಡಪಾ’ ಅಂದರೆ ಪಕ್ಕದ ಟೇಬಲ್ಲಿನವರು ಒಮ್ಮೆ ತಿರುಗಿ ನೋಡಿಯಾರು. ಕೊಟ್ಟ ದುಡ್ಡಿಗೆ ಕಿಕ್ ಎಷ್ಟು ಎನ್ನುವ ಲೆಕ್ಕದಲ್ಲಿ ಸ್ಟ್ರಾಂಗ್ ಬಿಯರಿಗೇ ಗೆಲುವು. ಆದರೆ ರುಚಿ ಕಲಿಯುವವರು ಮೈಲ್ಡ್ ಲಾಗರಿನಿಂದಲೇ ಶುರು ಮಾಡಬೇಕು. ಬಿಳಿ ಧೋತರದ ಮೇಲಿನ ಕಲೆಯಂತೆ, ತಯಾರಿಕೆಯ ಸಣ್ಣ ಅಸಡ್ಡೆಯೂ ಅದರಲ್ಲಿ ಎದ್ದು ಕಾಣುತ್ತದೆ.

ಬಾರ್ಲಿ ಮಾಲ್ಟಿನ ಜೊತೆ ಅಕ್ಕಿಯನ್ನೋ ಗೋವಿನಜೋಳವನ್ನೋ ಬೆರೆಸುವುದನ್ನು ಕೆಲವರು ಮೋಸವೆನ್ನುತ್ತಾರೆ. ನಾನು ಒಪ್ಪುವುದಿಲ್ಲ, ಈ ಬಿಯರು ಹಗುರಾಗುವುದೇ ಅದರಿಂದ. ಹಾಪ್ಸ್ ಹೂವಿನ ಕಹಿಯೂ ಇಲ್ಲಿ ಅಷ್ಟಕ್ಕಷ್ಟೇ. ಉಳಿದದ್ದು ಯೀಸ್ಟಿನ ಕೈಯಲ್ಲಿ. ಲಾಗರ್ ಯೀಸ್ಟು 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ನಿಧಾನವಾಗಿ ಹುಳಿಸಬೇಕು, ಆಮೇಲೆ ಬಿಯರು ಸೊನ್ನೆಯ ಹತ್ತಿರದ ಚಳಿಯಲ್ಲಿ ವಾರಗಟ್ಟಲೆ ಮಾಗಬೇಕು. ನಮ್ಮ ಏಪ್ರಿಲ್ ಧಗೆಗೆ ಬಿಟ್ಟರೆ ಹಣ್ಣಿನ ವಾಸನೆ ಎದ್ದು ಎಲ್ಲ ಕೆಡುತ್ತದೆ. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಮ್ಯೂನಿಕ್‌ನ ಬ್ರೂವರಿಯಲ್ಲಿ ತಂಪು ಮಾಡುವ ಯಂತ್ರ ಕೂಡಿಸಿದ ಮೇಲೆಯೇ ಬಿಸಿಲ ನಾಡುಗಳಿಗೂ ಲಾಗರಿನ ದಾರಿ ತೆರೆಯಿತು. 1915ರಲ್ಲಿ ಹುಟ್ಟಿದ ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನ ಕಿಂಗ್‌ಫಿಶರ್ ಪ್ರೀಮಿಯಂ ಈ ಜಾತಿಯದೇ.

ಮನೆಯಲ್ಲೇ ಮಾಡಿ ನೋಡುವ ಆಸೆ ಹುಟ್ಟಿದರೆ ತಡೆದುಕೊಳ್ಳಿ. ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಕುಡಿದು ಕಲಿಯುವುದಕ್ಕೇನೂ ಅಡ್ಡಿಯಿಲ್ಲ.

ಅಂಗಡಿಯಲ್ಲಿ ಮೊದಲು ತಯಾರಾದ ತಿಂಗಳು ನೋಡಿ. ಲಾಗರು ಹಳೆಯದಾದಷ್ಟೂ ಬೆಲೆ ಏರುವ ಮಾಲಲ್ಲ. ಹಿಮಗಟ್ಟುವಷ್ಟು ‘ಚಿಲ್ಡ್’ ಬಂದರೆ ಸ್ವಲ್ಪ ಹೊತ್ತು ಬಿಡಿ, ಆ ಚಳಿಗೆ ನಾಲಿಗೆ ಮರಗಟ್ಟುತ್ತದೆ. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿಕೊಂಡಿದ್ದರೆ ತೊಳೆದದ್ದು ಸಾಲದು, ಬೇರೆ ಕೇಳಿ. ಸುರಿದ ಕೂಡಲೇ ಮೂಸಿ. ಬೆಣ್ಣೆಯ ವಾಸನೆ ಬಂದರೆ ಮಾಗಿಸುವಾಗ ಅವಸರವಾಗಿರಬಹುದು. ಬೇಯಿಸಿದ ಗೋವಿನಜೋಳದ ತೆನೆಯ ವಾಸನೆಯಾದರೆ ಕುದಿಸಿದ್ದು ಸಾಕಾಗಿಲ್ಲವೇನೋ. ನೆನೆದ ರಟ್ಟಿನಂತಿದ್ದರೆ ಬಿಯರು ಹಳತಾಗಿದೆ. ಚೊಲೋ ಲಾಗರಿನಲ್ಲಿ ಇವೊಂದೂ ಇರದೆ, ತುಸು ಧಾನ್ಯದ ಸಿಹಿ, ಆಮೇಲೆ ಚಿಟಿಕೆ ಕಹಿ, ಕೊನೆಗೆ ಬಾಯಿ ಒಣಗಿದಂತಾಗಿ ಮುಂದಿನ ಗುಟುಕು ಬೇಕೆನಿಸುತ್ತದೆ.

ಇದನ್ನೆಲ್ಲ ಗಿರ್ಮಿಟ್ಟು, ಮಿರ್ಚಿ ಭಜಿ ಬರುವುದರೊಳಗೆ ಮುಗಿಸಿ. ಉಳ್ಳಾಗಡ್ಡಿ, ಹಸಿಮೆಣಸಿನ ಮುಂದೆ ಬಡಪಾಯಿ ಲಾಗರಿನ ಮಾತು ನಡೆಯುವುದಿಲ್ಲ. ಹುರಿದ ಶೇಂಗಾ ಆದೀತು, ಉಪ್ಪು ಮಾತ್ರ ಕಮ್ಮಿ ಇರಲಿ.

ಇನ್ನೊಂದು ಪಾಠವುಂಟು. ಹಸಿರು ಬಾಟಲಿಯ ಎರಡು ಬಿಯರು ತಂದು ಒಂದನ್ನು ಬಿಸಿಲಿಗಿಡಿ, ಒಂದನ್ನು ಕತ್ತಲಲ್ಲಿಡಿ. ಎರಡನ್ನೂ ಒಟ್ಟಿಗೆ ತಣಿಸಿ ಸುರಿಯಿರಿ. ಬಿಸಿಲು ಹಾಪ್ಸನ್ನು ಕೆಡಿಸಿ ಎಬ್ಬಿಸುವ ಗಬ್ಬು ಒಮ್ಮೆ ಮೂಗಿಗೆ ಸಿಕ್ಕರೆ, ಅಂಗಡಿಯ ಬಾಗಿಲಲ್ಲಿ ಬಿಸಿಲು ಕಾಯುತ್ತಿರುವ ಕ್ರೇಟಿನಿಂದ ನೀವು ಮತ್ತೆ ಕೊಳ್ಳಲಾರಿರಿ.